ನೆಗ್ಗಿಲು ಮುಳ್ಳಿನ ದಾರಿಯಲ್ಲಿ ಟ್ಯೂಬ್, ಟಿಪಿಯು, ಟ್ಯೂಬ್‌ಲೆಸ್

ರಾಗಿ ಕೊಯ್ಲು ಮುಗಿದ ಮೇಲೆ ದೇವನಹಳ್ಳಿ ಕಡೆ ಹೊಲದ ದಾರಿಯಲ್ಲಿ ಸೈಕಲ್ ತುಳಿದವರಿಗೆ ನೆಗ್ಗಿಲು ಮುಳ್ಳಿನ ಪರಿಚಯ ಇದ್ದೇ ಇರುತ್ತದೆ. ಕಡಲೆಕಾಳಿನಷ್ಟು ಕಾಯಿ. ಹೇಗೆ ಬಿದ್ದರೂ ಒಂದು ಮುಳ್ಳು ಆಕಾಶ ನೋಡುತ್ತಲೇ ಇರುತ್ತದೆ. ಬಳ್ಳಾರಿ ಜಾಲಿಯಾದರೆ ಗಿಡ ಕಾಣುತ್ತದೆ, ದೂರ ಹೋಗಬಹುದು. ಇದು ಮಣ್ಣಲ್ಲಿ ಮಣ್ಣಾಗಿ ಮಲಗಿರುತ್ತದೆ. ಡಿಸೆಂಬರಿನ ನಾಲ್ಕು ಭಾನುವಾರಗಳಲ್ಲಿ ನನಗೆ ಐದು ಪಂಕ್ಚರ್.

ಅದಕ್ಕೇ ಜನವರಿಯ ಒಂದು ಭಾನುವಾರ ಆವತಿ ಬೆಟ್ಟದ ಸುತ್ತ ಪರೀಕ್ಷೆ ಇಟ್ಟುಕೊಂಡೆವು. ನಾನು, ನನ್ನ ಬಾಮೈದ, ಮತ್ತೆ ವಿಜಯಪುರದಿಂದ ಬಂದು ನಮ್ಮ ಬೀದಿಯಲ್ಲಿ ನೆಲೆಸಿರುವ ಪಿ.ಟಿ. ಮೇಷ್ಟ್ರು. ವಿಜಯಪುರ, ಬಾಗಲಕೋಟೆ ಸೀಮೆಯಲ್ಲಿ ಸೈಕಲ್ ರೇಸಿನ ಹುಚ್ಚು ಎಷ್ಟು ಎಂದು ಗೊತ್ತಲ್ವಾ? ಮೇಷ್ಟ್ರು ಕಣ್ಣು ಮುಚ್ಚಿಕೊಂಡು ಪ್ಯಾಚ್ ಹಾಕುತ್ತಾರೆ. ಟ್ಯೂಬ್ ಬಿಟ್ಟು ಬೇರೆ ಮಾತಿಲ್ಲ ಅವರಿಗೆ. ಬಾಮೈದನಿಗೆ ಹೊಸದು ಏನು ಬಂದರೂ ಬೇಕು, ಟಿಪಿಯು ಎಂಬ ಪ್ಲಾಸ್ಟಿಕ್ ಟ್ಯೂಬ್ ತರಿಸಿದ್ದ. ಪಂಕ್ಚರ್ ಕಾಟ ತಾಳಲಾರದೆ ನಾನು ಟ್ಯೂಬ್‌ಲೆಸ್ ಮಾಡಿಕೊಂಡಿದ್ದೆ.

ಮೂರೂ 29 ಇಂಚಿನ ಹಾರ್ಡ್‌ಟೇಲ್, ಅಂದರೆ ಮುಂದೆ ಮಾತ್ರ ಸಸ್ಪೆನ್ಷನ್. ಟೈರ್ ಕೂಡ ಒಂದೇ ಮಾದರಿ, 2.25 ಅಗಲ. ಸುಮಾರು ಆರು ಕಿಲೋಮೀಟರಿನ ಸುತ್ತು. ಮೊದಲು ಹೊಲದ ಗಾಡಿದಾರಿ, ಆಮೇಲೆ ದ್ರಾಕ್ಷಿ ತೋಟದ ಬೇಲಿ ಪಕ್ಕ, ಕೊನೆಗೆ ಹಾಸುಬಂಡೆಯ ಮೇಲಿಂದ ಇಳಿಜಾರು. ಒಬ್ಬೊಬ್ಬರ ತೂಕ ಒಂದೊಂದು. ಹಾಗಾಗಿ ಪ್ರತಿ ಸುತ್ತಿಗೂ ಸೈಕಲ್ ಅದಲುಬದಲು ಮಾಡಿಕೊಂಡೆವು. ನಾನು 72 ಕೆಜಿ, ಬಾಮೈದ 84. ಮೇಷ್ಟ್ರು ಹೇಳಲಿಲ್ಲ.

ಹಿಂದಿನ ರಾತ್ರಿ ಅಡುಗೆಮನೆಯ ತಕ್ಕಡಿಯಲ್ಲಿ ತೂಗಿದ್ದೆವು. ಮಾಮೂಲಿ ಬ್ಯುಟೈಲ್ ರಬ್ಬರಿನ ಟ್ಯೂಬ್ 205 ಗ್ರಾಂ. ಟಿಪಿಯು 86. ಇದು ರಬ್ಬರಲ್ಲ, ತೆಳ್ಳಗಿನ ಪ್ಲಾಸ್ಟಿಕ್ ಜಾತಿ, ಮಡಚಿದರೆ ಮುಷ್ಟಿಯಲ್ಲಿ ಅಡಗುತ್ತದೆ. ಟ್ಯೂಬ್‌ಲೆಸ್‌ಗೆ ತೂತು ಮುಚ್ಚುವ ದ್ರವ ಸೀಲೆಂಟ್, ಟೇಪು, ವಾಲ್ವ್ ಎಲ್ಲ ಸೇರಿ ಒಂದು ಚಕ್ರಕ್ಕೆ ನೂರಹತ್ತರ ಹತ್ತಿರ. ತೂಕದಲ್ಲಿ ಬಾಮೈದನೇ ಗೆದ್ದ. ಆದರೆ ಭಾನುವಾರ ಬೆಳಿಗ್ಗೆ ತಟ್ಟೆ ಇಡ್ಲಿ ಎರಡು ಪ್ಲೇಟ್ ಹೊಡೆಯುವ ನಮಗೆ ನೂರು ಗ್ರಾಂ ಉಳಿಸಿ ಏನಾಗಬೇಕು?

ಮೊದಲ ಸುತ್ತು. ಬಾಮೈದ ಮೇಷ್ಟ್ರ ಸೈಕಲ್ ಹತ್ತಿದ್ದ. ಗಾಳಿ ಹಿಂದೆ 35 ಪಿಎಸ್ಐ, ಮುಂದೆ 32. ಮುಳ್ಳಿನ ದಾರಿ ದಾಟಿದ, ಬಂಡೆಯಲ್ಲಿ ಸಿಕ್ಕಿಬಿದ್ದ. ಮೆಟ್ಟಿಲಿನಂಥ ಅಂಚಿಗೆ ಹಿಂದಿನ ಚಕ್ರ ಗುದ್ದಿತು, ಟಪ್ ಅಂತ ಸದ್ದು, ಅಷ್ಟೇ. ಟ್ಯೂಬ್ ತೆಗೆದರೆ ಅಕ್ಕಪಕ್ಕ ಎರಡು ತೂತು. ಕಲ್ಲು ಮತ್ತು ರಿಮ್ಮಿನ ನಡುವೆ ಟ್ಯೂಬ್ ಜಜ್ಜಿದಾಗ ಹೀಗಾಗುತ್ತದೆ. ಹಾವು ಕಚ್ಚಿದ ಗುರುತಿನ ಹಾಗೇ ಕಾಣುತ್ತದೆ. ಮೇಷ್ಟ್ರು ಮಾತಾಡದೆ ಕೂತು, ಉಜ್ಜಿ, ಸಲ್ಯೂಷನ್ ಹಚ್ಚಿ, ಊದಿ, ಪ್ಯಾಚ್ ಒತ್ತಿ ಎದ್ದರು. ಹನ್ನೊಂದು ನಿಮಿಷ.

ನಾನು ಅದೇ ಬಂಡೆಯನ್ನು ಟ್ಯೂಬ್‌ಲೆಸ್‌ನಲ್ಲಿ ಮುಂದೆ 22, ಹಿಂದೆ 25 ಪಿಎಸ್ಐ ಇಟ್ಟುಕೊಂಡು ಇಳಿದೆ. ಜಜ್ಜಿಹೋಗಲು ಒಳಗೆ ಟ್ಯೂಬೇ ಇಲ್ಲವಲ್ಲ, ಅದಕ್ಕೇ ಇಷ್ಟು ಕಡಿಮೆ ಗಾಳಿ ನಡೆಯುತ್ತದೆ. ಟೈರ್ ಕಲ್ಲನ್ನು ಅಪ್ಪಿಕೊಂಡು ಹೋಗುತ್ತದೆ. ಟ್ಯೂಬಿನ ಸೈಕಲ್ ಸಣ್ಣ ಕಲ್ಲಿಗೂ ಪುಟಿಯುತ್ತದೆ, ಇದು ನುಂಗುತ್ತದೆ. ಸಡಿಲ ಮಣ್ಣಿನ ತಿರುವಿನಲ್ಲಿ ವ್ಯತ್ಯಾಸ ಇನ್ನೂ ಜಾಸ್ತಿ. ನನ್ನನ್ನು ಒಪ್ಪಿಸಿದ್ದು ಈ ಹಿಡಿತವೇ.

ಎರಡನೇ ಸುತ್ತಿಗೆ ನಾನು ಟ್ಯೂಬಿನ ಸೈಕಲ್ ತೆಗೆದುಕೊಂಡೆ. ಗಾಡಿದಾರಿ ಮುಗಿಯುವುದರೊಳಗೆ ಮುಂದಿನ ಚಕ್ರ ಕೂತಿತು. ನೆಗ್ಗಿಲು. ಬಾಮೈದ ತನ್ನದೇ ಟಿಪಿಯು ಮೇಲೆ ಇದ್ದ. ಏರಿನಲ್ಲಿ ನಿಜವಾಗಿಯೂ ಹಗುರವಾಗಿ ಓಡುತ್ತದೆ, ಸುಳ್ಳು ಹೇಳಬಾರದು. ಆದರೆ ಅವನಿಗೂ ಒಂದು ಮುಳ್ಳು ಹೊಕ್ಕಿತ್ತು, ಗಾಳಿ ನಿಧಾನಕ್ಕೆ ಇಳಿಯುತ್ತಿತ್ತು. ಮೇಷ್ಟ್ರ ಸಲ್ಯೂಷನ್ ಅದಕ್ಕೆ ಹಿಡಿಯುವುದಿಲ್ಲ. ಅದರದೇ ಪ್ಯಾಚ್ ಬೇಕು, ಜಾಗ ಒರೆಸಿ ಚೊಕ್ಕ ಮಾಡಿರಬೇಕು. ಆ ಧೂಳಿನಲ್ಲಿ ಚೊಕ್ಕ ಎಲ್ಲಿಂದ ಬರಬೇಕು? ಮೊದಲ ಪ್ಯಾಚ್ ಎದ್ದು ಬಂತು. ಎರಡನೆಯದು ಹಿಡಿಯಿತು. ಊರಿನ ಪಂಕ್ಚರ್ ಅಂಗಡಿಗೆ ಹೋಗಿದ್ದರೂ ನಮ್ಮನ್ನೇ ವಾಪಸ್ ಕಳಿಸುತ್ತಿದ್ದರು.

ಮೇಷ್ಟ್ರು ಟ್ಯೂಬ್‌ಲೆಸ್‌ನಲ್ಲಿ ಆರಾಮಾಗಿ ಬಂದರು. ಹಿಂದಿನ ಟೈರಿನಲ್ಲಿ ಒಂಬತ್ತು ಮುಳ್ಳು ಎಣಿಸಿದೆವು. ಒಂದನ್ನು ಕಿತ್ತೆ. ಬುಸ್ ಎಂದು ಬಿಳಿ ಹಾಲು ಚಿಮ್ಮಿತು. ತೂತು ಕೆಳಗೆ ಬರುವ ಹಾಗೆ ಚಕ್ರ ತಿರುಗಿಸಿ ಇಟ್ಟೆ, ಹತ್ತು ಎಣಿಸುವಷ್ಟರಲ್ಲಿ ನಿಂತಿತು. ಸೀಲೆಂಟ್ ಅಂದರೆ ಇದೇ, ರಬ್ಬರಿನ ಹಾಲಿಗೆ ಸಣ್ಣ ಕಣ ಬೆರೆಸಿದ ದ್ರವ. ಗಾಳಿಯ ಜೊತೆ ಹೊರಗೆ ನುಗ್ಗುವಾಗ ತೂತಿನಲ್ಲಿ ಗಟ್ಟಿಯಾಗಿ ಕೂತುಬಿಡುತ್ತದೆ. ಮೇಷ್ಟ್ರು ನೋಡಿ, "ಟೈರಿಗೂ ಹಾಲು ಕುಡಿಸಿ ಸಾಕ್ತೀರಲ್ರೀ" ಎಂದರು. ಹೊಗಳಿದರೋ ಬೈದರೋ ಗೊತ್ತಾಗಲಿಲ್ಲ.

ನಡುವೆ ಪೆಡಲ್ ಕೂಡ ಬದಲಾಯಿಸಿ ನೋಡಿದೆವು. ಶೂ ಲಾಕ್ ಆಗುವ ಪೆಡಲ್ ಏರಿಗೆ ಸೊಗಸು. ಆದರೆ ಹಾಸುಬಂಡೆಯ ಮೇಲೆ ಸೈಕಲ್ ತಳ್ಳಿಕೊಂಡು ನಡೆಯುವಾಗ ಅಡಿಯ ಲೋಹದ ಕ್ಲೀಟ್ ಜಾರುತ್ತದೆ, ಎಮ್ಮೆ ಕೆರೆಗೆ ಇಳಿದ ಹಾಗೆ ಇಳಿದೆ. ಆವತಿಗೆ ಚಪ್ಪಟೆ ಪೆಡಲ್ಲೇ ಸರಿ. ಇದರಲ್ಲಿ ಜಗಳವೇ ಆಗಲಿಲ್ಲ.

ಇಲ್ಲಿಗೇ ನಿಲ್ಲಿಸಿದ್ದರೆ ನಾನು ಗೆದ್ದ ಹಾಗೆ. ಮೂರನೇ ಸುತ್ತಿನಲ್ಲಿ ಬಾಮೈದ ನನ್ನ ಸೈಕಲ್ ಹತ್ತಿದ. ಚೂಪಾದ ಕಲ್ಲು ಟೈರಿನ ಪಕ್ಕೆಯನ್ನು ಬೆರಳಗಲ ಸೀಳಿತು. ಪಕ್ಕೆ ಸೀಳಿದರೆ ಹಾಲು ಕೆಲಸಕ್ಕೆ ಬರುವುದಿಲ್ಲ. ರಬ್ಬರ್ ಎಳೆ ತುರುಕಿ ನೋಡಿದೆ, ಎರಡು ಸಲವೂ ಕಿತ್ತುಕೊಂಡು ಬಂತು. "ಭಾವ, ಟ್ಯೂಬ್ ಹಾಕಿಬಿಡಿ, ಐದು ನಿಮಿಷ" ಎಂದ. ಐದು ನಿಮಿಷವಂತೆ! ಟ್ಯೂಬ್‌ಲೆಸ್ ಟೈರ್ ಮುಳ್ಳನ್ನು ತಡೆಯುವುದಿಲ್ಲ, ಕೂಡಿಟ್ಟುಕೊಳ್ಳುತ್ತದೆ. ಹಾಗೇ ಟ್ಯೂಬ್ ಹಾಕಿದರೆ ಹತ್ತು ಹೆಜ್ಜೆಗೆ ಮತ್ತೆ ಪಂಕ್ಚರ್. ಒಳಗೆ ಬೆರಳಾಡಿಸಿ ಒಂದೊಂದೇ ಕಿತ್ತೆವು. ಹದಿನಾಲ್ಕು. ಕೈಯೆಲ್ಲ ಅಂಟು, ಅದರ ಮೇಲೆ ಧೂಳು. ಬೇಲಿ ಬುಡದಲ್ಲಿ ಬಿದ್ದಿದ್ದ ನಂದಿನಿ ಹಾಲಿನ ಕವರನ್ನು ನಾಲ್ಕು ಮಡಿಕೆ ಮಾಡಿ ಸೀಳಿಗೆ ಒಳಗಿಂದ ಕೊಟ್ಟು, ಬಾಮೈದನ ಚೀಲದಲ್ಲಿದ್ದ ಟಿಪಿಯು ಹಾಕಿದೆವು. ನಲವತ್ತು ನಿಮಿಷ. ಮೇಷ್ಟ್ರು ನೆರಳಲ್ಲಿ ಕೂತು ಚಕ್ಕೋತ ಸುಲಿಯುತ್ತಿದ್ದರು.

ಮೊದಲು ಇದನ್ನು ಹಾಕುವಾಗ ಮನೆಯಲ್ಲಿ ಪಟ್ಟ ಪಾಡು ಬೇರೆ. ನೆಲದ ಪಂಪಿನಿಂದ ಟೈರಿನ ಅಂಚು ರಿಮ್ಮಿಗೆ ಕೂರಲೇ ಇಲ್ಲ. ಸೋಪು ನೀರು ಹಚ್ಚಿ, ವಾಲ್ವಿಗೆ ಅಡಾಪ್ಟರ್ ಹಾಕಿ, ಪೆಟ್ರೋಲ್ ಬಂಕಿಗೆ ಒಯ್ದು ಒಂದೇ ಸಲಕ್ಕೆ ಗಾಳಿ ನುಗ್ಗಿಸಿದ ಮೇಲೆ ಠಕ್ ಠಕ್ ಎಂದು ಕೂತಿತು. ಅಷ್ಟರಲ್ಲಿ ವರಾಂಡದ ಗೋಡೆಯೆಲ್ಲ ಬಿಳಿ ಚುಕ್ಕೆ. ಅಮ್ಮ ಮಜ್ಜಿಗೆ ಚೆಲ್ಲಿದೆ ಅಂದುಕೊಂಡರು. ಎರಡು ಚಕ್ರಕ್ಕೆ ಟೇಪು, ವಾಲ್ವ್, ಸೀಲೆಂಟ್ ಸೇರಿ ಎರಡೂವರೆ ಸಾವಿರದ ಹತ್ತಿರ ಹೋಯಿತು. ಅದರಲ್ಲಿ ಏಳು ಬ್ಯುಟೈಲ್ ಟ್ಯೂಬ್ ಬರುತ್ತದೆ. ಮೇಲಾಗಿ ಸೀಲೆಂಟ್ ಒಣಗುತ್ತದೆ. ನಮ್ಮ ಬೇಸಿಗೆಯಲ್ಲಿ ಎರಡು ಮೂರು ತಿಂಗಳಿಗೆ ಮತ್ತೆ ಸುರಿಯಬೇಕು.

ಇಷ್ಟಾದರೂ ನಾನು ಟ್ಯೂಬ್‌ಲೆಸ್ ಬಿಡುವುದಿಲ್ಲ. ವಾರ ವಾರ ಮುಳ್ಳಿನ ದಾರಿಗೆ ಹೋಗುವವನಿಗೆ ಅದರ ಸಮ ಇಲ್ಲ. ಟಿಪಿಯು ಚಕ್ರದೊಳಗೆ ಬೇಡ, ಚೀಲದೊಳಗೆ ಬೇಕು. ತುರ್ತಿಗೆ ಅಷ್ಟು ಚಿಕ್ಕ ಟ್ಯೂಬ್ ಬೇರೆ ಇಲ್ಲ. ಬಾಮೈದನದು ಬೇರೆ ಕತೆ. ಎರಡು ತಿಂಗಳಿಗೊಮ್ಮೆ ಸೈಕಲ್ ಮುಟ್ಟುತ್ತಾನೆ. ಅವನ ಟೈರಿನಲ್ಲಿ ಹಾಲು ಹೆಪ್ಪುಗಟ್ಟಿ ಕೂರುತ್ತದೆ ಅಷ್ಟೇ. ಬ್ಯುಟೈಲ್ ಹಾಕಿಕೋ, ಮೇಷ್ಟ್ರ ಹತ್ತಿರ ಪ್ಯಾಚ್ ಕಲಿ ಎಂದೆ. ಅವನು ಅದೇ ರಾತ್ರಿ ಟ್ಯೂಬ್‌ಲೆಸ್ ಕಿಟ್ ಆರ್ಡರ್ ಮಾಡಿದ್ದಾನೆ.