ಇಸಿ-ಕ್ಯೂಬ್ 4: ಜಪಾನಿನ ಅಳತೆಗೆ ಹೊಲಿದ ಅಂಗಡಿ, ಹೊಲಿಗೆ ಬಿಚ್ಚಿದರೆ ಹಾಕಬೇಕಾದವರು ನಾವೇ

ಜಪಾನಿನ ಗ್ರಾಹಕರಿಗೆ ಮಾರುವ ಆನ್‌ಲೈನ್ ಅಂಗಡಿಯ ಕೆಲಸ ಬಂದರೆ ಬಹಳ ಜನ ವೂಕಾಮರ್ಸ್ (ವರ್ಡ್‌ಪ್ರೆಸ್ ಸೈಟನ್ನು ಅಂಗಡಿಯಾಗಿಸುವ ಪ್ಲಗಿನ್) ಹಾಕುತ್ತಾರೆ, ಭಾಷೆಯನ್ನು ಜಪಾನೀಸ್‌ಗೆ ಬದಲಿಸುತ್ತಾರೆ, ಆಯಿತು ಅಂದುಕೊಳ್ಳುತ್ತಾರೆ. ವಾರ ಕಳೆಯುವುದರೊಳಗೆ ಕ್ಲೈಂಟ್ ಕಡೆಯಿಂದ ಪಟ್ಟಿ ಬರುತ್ತದೆ. ಹೆಸರಿನ ಉಚ್ಚಾರಣೆ ಕೇಳುವ ಜಾಗ ಎಲ್ಲಿ? ಪೋಸ್ಟಲ್ ಕೋಡ್ ಹೊಡೆದರೆ ವಿಳಾಸ ಯಾಕೆ ತುಂಬುತ್ತಿಲ್ಲ? ಡೆಲಿವರಿ ಬೆಳಗ್ಗೆಯೋ ಸಂಜೆಯೋ ಅಂತ ಆರಿಸುವುದು ಹೇಗೆ? ಇವಕ್ಕೆಲ್ಲ ಇನ್‌ಸ್ಟಾಲ್ ಮಾಡಿದ ದಿನವೇ ಉತ್ತರ ಕೊಡುವ ತಂತ್ರಾಂಶ ಇಸಿ-ಕ್ಯೂಬ್. ಒಸಾಕಾದ ಲಾಕ್‌ಆನ್ ಕಂಪನಿ 2006ರಲ್ಲಿ ಓಪನ್ ಸೋರ್ಸ್ ಆಗಿ ಬಿಟ್ಟದ್ದು. ಈಗ ಇದೇ ಹೆಸರಿನ ಪ್ರತ್ಯೇಕ ಕಂಪನಿ ನೋಡಿಕೊಳ್ಳುತ್ತಿದೆ. 2018ರಲ್ಲಿ ಬಂದ 4ನೇ ಸರಣಿ ಸಿಂಫನಿ ಎಂಬ ಪಿಎಚ್‌ಪಿ ಫ್ರೇಮ್‌ವರ್ಕ್ ಮೇಲೆ ಕಟ್ಟಿದ್ದು. 4.3 ಆವೃತ್ತಿ ಸಿಂಫನಿ 6.4 ಬಳಸುತ್ತದೆ, ಪಿಎಚ್‌ಪಿ 8.1 ಆದರೂ ಬೇಕು.

ಫಾರಂನಿಂದಲೇ ಶುರು ಮಾಡೋಣ, ಇದರ ಹೆಚ್ಚುಗಾರಿಕೆ ಅಲ್ಲೇ ಕಾಣುವುದು. ಮನೆತನದ ಹೆಸರು, ಸ್ವಂತ ಹೆಸರು ಬೇರೆಬೇರೆ. ಅವುಗಳ ಕೆಳಗೆ ಅದೇ ಎರಡು ಹೆಸರು ಉಚ್ಚಾರಣೆ ತೋರಿಸುವ ಕಟಕಾನಾ ಲಿಪಿಯಲ್ಲಿ, ಏಕೆಂದರೆ ಬರೆದ ಕಾಂಜಿ (ಚೀನೀ ಮೂಲದ ಅಕ್ಷರ) ನೋಡಿ ಹೆಸರನ್ನು ಹೇಗೆ ಓದಬೇಕೆಂದು ಜಪಾನೀಯರಿಗೇ ಖಾತ್ರಿ ಇರುವುದಿಲ್ಲ. ಯಾರಾದರೂ ಅರ್ಧ ಅಗಲದ (ಕಿರಿದಾದ) ಕಟಕಾನಾ ಹೊಡೆದರೆ ಗದರಿಸದೆ ತಾನೇ ಪೂರ್ಣ ಅಗಲಕ್ಕೆ ತಿರುಗಿಸಿಕೊಳ್ಳುತ್ತದೆ. 7 ಅಂಕಿಯ ಪೋಸ್ಟಲ್ ಕೋಡ್ ಹಾಕಿದರೆ ಪ್ರಾಂತ, ಊರು, ಬಡಾವಣೆ ತುಂಬಿಕೊಳ್ಳುತ್ತವೆ. ಸಾಗಣೆ ವೆಚ್ಚವನ್ನು 47 ಪ್ರಾಂತಗಳಿಗೂ ಬೇರೆಬೇರೆ ಇಡಬಹುದು. ಹೊಕ್ಕೈಡೋ, ಓಕಿನಾವಾಗಳಿಗೆ ಹೆಚ್ಚು ದರ ಇಡದ ಅಂಗಡಿ ಅಪರೂಪ, ಹಾಗಾಗಿ ಇದು ಶೋಕಿಯಲ್ಲ. ಪಾವತಿ ವಿಧಾನಗಳ ಪಟ್ಟಿಯಲ್ಲಿ ಮೊದಲಿಗೇ ಅಂಚೆ ವರ್ಗಾವಣೆ, ಬ್ಯಾಂಕ್ ಜಮೆ, ಕ್ಯಾಶ್ ಆನ್ ಡೆಲಿವರಿ ಇವೆ. ಜೊತೆಗೆ ನೋಟುಗಳನ್ನೇ ಲಕೋಟೆಯಲ್ಲಿಟ್ಟು ರಿಜಿಸ್ಟರ್ಡ್ ಅಂಚೆಯಲ್ಲಿ ಕಳಿಸುವ ವಿಧಾನವೂ ಇದೆ! ಬೇಡದ್ದನ್ನು ಅಡ್ಮಿನ್‌ನಲ್ಲಿ ಮುಚ್ಚಿಬಿಡಿ.

ಆರ್ಡರ್ ಒತ್ತುವ ಮೊದಲು ಒಂದು ದೃಢೀಕರಣ ಪುಟ ಬರುತ್ತದೆ. ನಮ್ಮ ಕಡೆಯ ವಿನ್ಯಾಸಕಾರರು ‘ಒಂದು ಕ್ಲಿಕ್ ಉಳಿಸೋಣ’ ಅಂತ ಮೊದಲು ಕತ್ತರಿ ಹಾಕುವುದು ಇದಕ್ಕೇ. ಮುಟ್ಟಬೇಡಿ. 2022ರ ಜೂನ್ 1ರಿಂದ ಜಾರಿಗೆ ಬಂದ ಕಾನೂನು ತಿದ್ದುಪಡಿಯ ಪ್ರಕಾರ ಪ್ರಮಾಣ, ಬೆಲೆ, ಹಣ ಕಟ್ಟುವ ಹೊತ್ತು ಮತ್ತು ವಿಧಾನ, ತಲುಪಿಸುವ ಹೊತ್ತು, ರದ್ದತಿಯ ಷರತ್ತು ಇವೆಲ್ಲ ಆ ಕೊನೆಯ ಪುಟದಲ್ಲೇ ಕಾಣಬೇಕು. ಇಸಿ-ಕ್ಯೂಬ್ ಪುಟವನ್ನು ಕೊಡುತ್ತದೆ, ರದ್ದತಿಯ ಮಾತನ್ನು ಬರೆದು ಸೇರಿಸುವುದು ನಿಮ್ಮ ಕೆಲಸ.

ಇಮೇಲ್ ವಿಷಯದಲ್ಲೂ ಊರಿನ ಒಳಗುಟ್ಟು ಬಲ್ಲ ಸಾಫ್ಟ್‌ವೇರ್ ಇದು. ಜಪಾನಿನ ಹಳೆಯ ಮೊಬೈಲ್ ವಿಳಾಸಗಳಲ್ಲಿ, ಮುಖ್ಯವಾಗಿ ಡೊಕೊಮೊ ಮೊಬೈಲ್ ಕಂಪನಿಯದರಲ್ಲಿ, ಸಾಲಾಗಿ ಎರಡು ಚುಕ್ಕಿ ಇರುವುದುಂಟು, ‘ಅಟ್’ ಗುರುತಿನ ಹಿಂದೆಯೇ ಚುಕ್ಕಿ ಇರುವುದೂ ಉಂಟು. ಅಂತರರಾಷ್ಟ್ರೀಯ ನಿಯಮದ (ಆರ್‌ಎಫ್‌ಸಿ) ಪ್ರಕಾರ ಅವು ತಪ್ಪು ವಿಳಾಸಗಳು. ಬೇರೆ ತಂತ್ರಾಂಶಗಳು ನೋಂದಣಿಯನ್ನೇ ತಡೆಯುತ್ತವೆ, ಇಲ್ಲವೇ ಆರ್ಡರ್ ಆದಮೇಲೆ ಮೇಲ್ ಕಳಿಸುವಾಗ ಎಡವಿ ಬೀಳುತ್ತವೆ. ಇಸಿ-ಕ್ಯೂಬ್ ಆ ಭಾಗವನ್ನು ಉದ್ಧರಣ ಚಿಹ್ನೆಯೊಳಗೆ ಸುತ್ತಿ ಕಳಿಸುತ್ತದೆ. ಸೆಟ್ಟಿಂಗ್ ಫೈಲಿನಲ್ಲಿ ‘ಆರ್‌ಎಫ್‌ಸಿ ಇಮೇಲ್ ಚೆಕ್’ ಎಂಬುದನ್ನು ಆನ್ ಮಾಡಿದರೆ ಈ ಸೌಕರ್ಯ ಹೋಗುತ್ತದೆ. ‘ಕಟ್ಟುನಿಟ್ಟಾಗಿರಲಿ’ ಅಂತ ಆನ್ ಮಾಡಿ ವಯಸ್ಸಾದ ಗಿರಾಕಿಗಳನ್ನು ಕಳೆದುಕೊಳ್ಳಬೇಡಿ.

ಆರ್ಡರ್ ಮುಂತಾದ ಪಟ್ಟಿಗಳ ಸಿಎಸ್‌ವಿ ಫೈಲುಗಳು ಶಿಫ್ಟ್-ಜಿಸ್ ಎಂಬ ಹಳೆಯ ಜಪಾನೀಸ್ ಅಕ್ಷರ ಸಂಕೇತದ ವಿಂಡೋಸ್ ರೂಪದಲ್ಲಿ ಹೊರಬರುತ್ತವೆ. ಅಂಗಡಿಯವರು ಎಕ್ಸೆಲ್‌ನಲ್ಲಿ ನೇರ ತೆರೆಯಲಿ ಎಂದು. ಆದರೆ ಯೋಶಿದಾ, ಯೋಶಿನೋ ಹೆಸರುಗಳಲ್ಲಿ ಬರುವ ‘ಯೋಶಿ’ ಅಕ್ಷರಕ್ಕೆ ಎರಡು ರೂಪ. ಮೇಲಿನ ಗೆರೆಗಿಂತ ಕೆಳಗಿನದು ಉದ್ದ ಇರುವ ರೂಪಕ್ಕೆ ಶಿಫ್ಟ್-ಜಿಸ್‌ನಲ್ಲಿ ಸ್ಥಾನವಿಲ್ಲ, ಪಾರ್ಸೆಲ್ ಲೇಬಲ್ ಮೇಲೆ ಪ್ರಶ್ನಾರ್ಥಕ ಚಿಹ್ನೆಯಾಗಿ ಬೀಳುತ್ತದೆ. ಎಲ್ಲ ಭಾಷೆಗಳನ್ನೂ ಹಿಡಿಸುವ ಯುಟಿಎಫ್-8 ಸಂಕೇತದಲ್ಲಿ ಅದು 4 ಬೈಟಿನ ಅಕ್ಷರ. ಡೇಟಾಬೇಸ್ ತಂತ್ರಾಂಶ ಮೈಎಸ್‌ಕ್ಯೂಎಲ್‌ನ ಹಳೆಯ 3 ಬೈಟಿನ ಯುಟಿಎಫ್-8 ಟೇಬಲ್ ಇದ್ದರೆ ಆರ್ಡರ್ ಉಳಿಸುವಾಗಲೇ ತೊಂದರೆ. ಡೇಟಾಬೇಸನ್ನು ಮೊದಲಿಗೇ ಯುಟಿಎಫ್-8-ಎಂಬಿ4ರಲ್ಲಿ ತೆರೆಯಿರಿ, ಪರೀಕ್ಷೆಯ ಆರ್ಡರುಗಳಲ್ಲಿ ಒಂದನ್ನಾದರೂ ಈ ಅಕ್ಷರ ಹಾಕಿ ಮಾಡಿ ನೋಡಿ.

ತೆರಿಗೆಗೆ ಬಂದರೆ ಆವೃತ್ತಿ ನೋಡಿಯೇ ಮಾತಾಡಬೇಕು. 2019ರ ಅಕ್ಟೋಬರ್‌ನಿಂದ ಜಪಾನಿನ ಬಳಕೆ ತೆರಿಗೆಯ ಸಾಮಾನ್ಯ ದರ 10%, ಮನೆಗೆ ಒಯ್ಯುವ ಆಹಾರಕ್ಕೆ 8%. ಎರಡೂ ದರಗಳನ್ನು ಸರಕುವಾರು ಇಡಬಹುದು. ಆದರೆ 2023ರ ಅಕ್ಟೋಬರ್ 1ರಿಂದ ಬಂದ ಇನ್‌ವಾಯ್ಸ್ ಪದ್ಧತಿಯಲ್ಲಿ, ಬಿಲ್ ಮೇಲೆ ‘ಟಿ’ ಅಕ್ಷರ ಮತ್ತು 13 ಅಂಕಿಯ ನೋಂದಣಿ ಸಂಖ್ಯೆ ಇರಬೇಕು. ಒಂದು ಬಿಲ್‌ಗೆ ಒಂದು ದರಕ್ಕೆ ಒಂದೇ ಸಲ ಚಿಲ್ಲರೆ (ಯೆನ್‌ನ ಭಿನ್ನಾಂಶ) ಬಿಡಬೇಕು. 99 ಯೆನ್‌ನ ಮೂರು ಬೇರೆಬೇರೆ ತಿಂಡಿ ತಗೊಳ್ಳಿ. ಒಂದೊಂದಕ್ಕೂ 8% ಅಂದರೆ 7.92, ಚಿಲ್ಲರೆ ಬಿಟ್ಟರೆ 7, ಮೂರಕ್ಕೆ 21. ಒಟ್ಟು 297ಕ್ಕೆ ಒಮ್ಮೆ ಲೆಕ್ಕ ಹಾಕಿದರೆ 23.76, ಅಂದರೆ 23. ಸಾಲುಸಾಲಾಗಿ ಚಿಲ್ಲರೆ ಬಿಟ್ಟು ಕೂಡಿಸಿದ 21 ಈಗ ನಡೆಯುವುದಿಲ್ಲ. 4ರ ಹಳೆಯ ಬಿಡುಗಡೆಗಳು ಲೆಕ್ಕ ಹಾಕುವುದು ಸರಕುವಾರು. ಯಾರದೋ ಹಳೆಯ ಸೈಟ್ ನಿಮ್ಮ ಕೈಗೆ ಬಂದರೆ ಮೊದಲು ಈ ಮೂರು ತಿಂಡಿಯ ಬಿಲ್ ತೆಗೆಯಿರಿ.

ಇಷ್ಟು ಹೊಗಳಿದ ಮೇಲೆ ನಿಜವಾದ ಖರ್ಚಿನ ಬಾಬ್ತಿಗೆ ಬರೋಣ: ಅಪ್‌ಡೇಟ್. ವರ್ಡ್‌ಪ್ರೆಸ್‌ನಂತೆ ಒಂದು ಬಟನ್ ಒತ್ತಿ ಮುಗಿಸುವ ಹಾಗಿಲ್ಲ. ಬ್ಯಾಕಪ್, ಮೆಂಟೆನೆನ್ಸ್ ಮೋಡ್, ಮೂಲ ಫೈಲುಗಳ ಬದಲಾವಣೆ, ಕಂಪೋಸರ್ (ಪಿಎಚ್‌ಪಿ ಲೈಬ್ರರಿಗಳನ್ನು ತಂದುಹಾಕುವ ಸಾಧನ) ಫೈಲುಗಳು, ಪ್ಲಗಿನ್‌ಗಳನ್ನು ಮತ್ತೆ ಸೇರಿಸುವುದು, ಸ್ಕೀಮಾ (ಡೇಟಾಬೇಸಿನ ರಚನೆ), ಮೈಗ್ರೇಶನ್, ಕೊನೆಗೆ ಕ್ಯಾಶ್, ಎಲ್ಲವೂ ಕೈಯಿಂದಲೇ. ಇದನ್ನೂ ಸಹಿಸಬಹುದು. ಜನ ಎಡವುವುದು ಪುಟದ ಅಚ್ಚಾದ ಟೆಂಪ್ಲೇಟ್‌ನಲ್ಲಿ. ಅಡ್ಮಿನ್‌ನ ಪುಟ ನಿರ್ವಹಣೆಯಲ್ಲಿ ಅಂಗಡಿಯವರು ಒಂದು ಅಕ್ಷರ ತಿದ್ದಿ ಸೇವ್ ಮಾಡಿದರೂ ಇಡೀ ಪುಟದ ಒಂದು ಪ್ರತಿ ‘ಆಪ್’ ಫೋಲ್ಡರಿನೊಳಗಿನ ‘ಟೆಂಪ್ಲೇಟ್’ ಫೋಲ್ಡರಿಗೆ ಹೋಗಿ ಕೂರುತ್ತದೆ. ಅಂದಿನಿಂದ ಸೈಟ್ ಓದುವುದು ಆ ಪ್ರತಿಯನ್ನೇ. ಮುಂದೆ ಮೂಲ ಟೆಂಪ್ಲೇಟ್‌ನಲ್ಲಿ ಭದ್ರತೆಯ ತಿದ್ದುಪಡಿ ಬಂದು ನೀವು ಶ್ರದ್ಧೆಯಿಂದ ಹಾಕಿದರೂ ಈ ಪ್ರತಿ ಹಳತಾಗಿಯೇ ಉಳಿಯುತ್ತದೆ. ಆವೃತ್ತಿ ಸಂಖ್ಯೆ ಹೊಸದು, ತೂತು ಹಳೆಯದು. ಪ್ರತಿ ಅಪ್‌ಡೇಟ್‌ನಲ್ಲೂ ಆ ಫೋಲ್ಡರಿನ ಒಂದೊಂದು ಫೈಲನ್ನೂ ಹೊಸ ಮೂಲದ ಜೊತೆ ಡಿಫ್ ಮಾಡಲೇಬೇಕು, ಅಂದರೆ ಹೋಲಿಸಿ ವ್ಯತ್ಯಾಸ ನೋಡಲೇಬೇಕು. ಫೈಲುಗಳ ಸಂಖ್ಯೆ ನೋಡಿಯೇ ನಿರ್ವಹಣೆಯ ಶುಲ್ಕ ಹೇಳಿ.

ಇದೇನೂ ಸುಮ್ಮನೆ ಹೆದರಿಸುವ ಮಾತಲ್ಲ. 2019ರ ಡಿಸೆಂಬರ್‌ನಲ್ಲಿ ಜಪಾನಿನ ಆರ್ಥಿಕ, ವಾಣಿಜ್ಯ ಮತ್ತು ಕೈಗಾರಿಕಾ ಸಚಿವಾಲಯ ಇಸಿ-ಕ್ಯೂಬ್ ಹೆಸರೆತ್ತಿಯೇ ಎಚ್ಚರಿಕೆ ಹೊರಡಿಸಿತ್ತು. 2021ರಲ್ಲಿ ದಾಳಿಕೋರರು ಆರ್ಡರ್ ಫಾರಂನೊಳಗೇ ಸ್ಕ್ರಿಪ್ಟ್ ತುರುಕಿದರು. ಅಂಗಡಿಯವರು ಅಡ್ಮಿನ್‌ನಲ್ಲಿ ಆ ಆರ್ಡರ್ ತೆರೆದ ಕೂಡಲೇ ಅದು ಓಡುತ್ತಿತ್ತು. ಗಿರಾಕಿಯ ವೇಷದಲ್ಲೇ ಕಳ್ಳ ಒಳಗೆ ಬಂದ ಹಾಗೆ. ಅಡ್ಮಿನ್‌ನ ವಿಳಾಸವನ್ನು ಎನ್ವಿರಾನ್‌ಮೆಂಟ್ ಫೈಲಿನಲ್ಲಿ (ಪಾಸ್‌ವರ್ಡ್ ಮೊದಲಾದ ಸೆಟ್ಟಿಂಗ್ ಇರುವ ಫೈಲು) ಬದಲಿಸಿ, ಐಪಿ ನಿರ್ಬಂಧ ಹಾಕಿ. ಅಪಾಚೆ ಬದಲು ಎಂಜಿನ್‌ಎಕ್ಸ್ ವೆಬ್ ಸರ್ವರ್ ಬಳಸುವವರಿಗೆ ಇನ್ನೊಂದು ಮಾತು: ಎನ್ವಿರಾನ್‌ಮೆಂಟ್ ಫೈಲು, ಲಾಗುಗಳು ಹೊರಗೆ ಕಾಣದಂತೆ ತಡೆಯುವುದು ಇದರ ಜೊತೆ ಬರುವ ಅಪಾಚೆಯ ‘ಎಚ್‌ಟಿ-ಆಕ್ಸೆಸ್’ ಫೈಲು. ಎಂಜಿನ್‌ಎಕ್ಸ್ ಅದನ್ನು ಓದುವುದೇ ಇಲ್ಲ. ತಡೆ ನಿಯಮಗಳನ್ನು ಕೈಯಾರೆ ಬರೆಯದಿದ್ದರೆ ಡೇಟಾಬೇಸ್ ಪಾಸ್‌ವರ್ಡ್ ಬ್ರೌಸರಿನಲ್ಲೇ ತೆರೆದುಕೊಳ್ಳಬಹುದು.

ಟೇಬಲ್‌ಗೆ ಕಾಲಂ ಸೇರಿಸುವುದು ಸುಲಭ. ಮೂಲ ಮುಟ್ಟದೆ ‘ಕಸ್ಟಮೈಜ್’ ಫೋಲ್ಡರಿನಲ್ಲಿ ಟ್ರೇಟ್ (ಹೆಚ್ಚುವರಿ ಕೋಡಿನ ತುಣುಕು) ಬರೆದು, ಅದನ್ನು ಮೂಲದ ಜೊತೆ ಬೆಸೆಯುವ ಪ್ರಾಕ್ಸಿ ಫೈಲು ಹುಟ್ಟಿಸಿ, ಸ್ಕೀಮಾ ಅಪ್‌ಡೇಟ್ ಓಡಿಸಿದರಾಯಿತು. ಈ ಕ್ರಮ ತಪ್ಪಬಾರದು. ಪ್ರಾಕ್ಸಿ ಇಲ್ಲದ ಹೊತ್ತಿನಲ್ಲಿ ಸ್ಕೀಮಾ ಅಪ್‌ಡೇಟ್‌ಗೆ ‘ಫೋರ್ಸ್’ ಕೊಟ್ಟರೆ ಡೇಟಾಬೇಸ್ ನೋಡಿಕೊಳ್ಳುವ ಡಾಕ್ಟ್ರಿನ್ ಲೈಬ್ರರಿ ಆ ಕಾಲಂ ಬೇಡವೆಂದು ತಿಳಿದು ಅಳಿಸಿಬಿಡುತ್ತದೆ, ಮಾಹಿತಿ ಸಮೇತ. ಮೊದಲು ‘ಡಂಪ್-ಎಸ್‌ಕ್ಯೂಎಲ್’ ಮಾತ್ರ ಕೊಟ್ಟು, ಓಡಲಿರುವ ಆದೇಶಗಳಲ್ಲಿ ‘ಡ್ರಾಪ್’ (ಅಳಿಸು) ಎಂಬ ಪದ ಇದೆಯೇ ಕಣ್ಣಾಡಿಸಿ.

ಪ್ಲಗಿನ್‌ಗಳು ಇಸಿ-ಕ್ಯೂಬ್‌ನದೇ ಓನರ್ಸ್ ಸ್ಟೋರ್‌ನಲ್ಲಿ ಸಿಗುತ್ತವೆ. 4.2ರದ್ದು 4.3ಕ್ಕೆ ಬರುತ್ತದೆಂದು ನಂಬಬೇಡಿ, ಪಟ್ಟಿ ನೋಡಿ. ಕಾರ್ಡ್ ಪಾವತಿಯ ಪ್ಲಗಿನ್ ಆರಿಸುವಾಗ ಇಎಂವಿ 3-ಡಿ ಸೆಕ್ಯೂರ್ (ಕಾರ್ಡ್ ಬಳಸುತ್ತಿರುವವರು ಅದರ ಮಾಲೀಕರೇ ಎಂದು ಪರೀಕ್ಷಿಸುವ ವ್ಯವಸ್ಥೆ) ಇದೆಯೇ ಎಂದು ಕೇಳಿ. 2025ರ ಮಾರ್ಚ್ ಕೊನೆಯೊಳಗೆ ಆನ್‌ಲೈನ್ ಅಂಗಡಿಗಳೆಲ್ಲ ಅದನ್ನು ಅಳವಡಿಸಬೇಕು ಎಂದು ಅಲ್ಲಿನ ಮಾರ್ಗಸೂಚಿ ಗಡುವು ಕೊಟ್ಟಿತ್ತು. ಶೇರ್ಡ್ ಹೋಸ್ಟಿಂಗ್‌ನಲ್ಲಿ ಅಡ್ಮಿನ್‌ನಿಂದ ಪ್ಲಗಿನ್ ಹಾಕುವಾಗ ಕಂಪೋಸರ್ ಮೆಮೊರಿ ಸಾಲದೆ ಅರ್ಧಕ್ಕೆ ನಿಲ್ಲುವುದುಂಟು. ಎಸ್‌ಎಸ್‌ಎಚ್ (ದೂರದಿಂದ ಸರ್ವರಿಗೆ ಆದೇಶ ಕೊಡುವ ದಾರಿ) ಕೊಡದ ಹೋಸ್ಟಿಂಗ್ ಆದರೆ ಆಮೇಲೆ ಬಿಡಿಸಿಕೊಳ್ಳಲು ದಾರಿಯೇ ಇರುವುದಿಲ್ಲ.

ಸಮುದಾಯ ಜೀವಂತವಾಗಿದೆ, ಆದರೆ ಜಪಾನೀಸ್‌ನಲ್ಲಿ. ಗಿಟ್‌ಹಬ್‌ನ ಇಶ್ಯೂಗಳು (ದೋಷದ ದೂರುಗಳು), ದಾಖಲೆಗಳು, ಚರ್ಚೆ ಎಲ್ಲ ಅದೇ ಭಾಷೆ. ಪರವಾನಗಿ ಎರಡು ಬಗೆ: ಜಿಪಿಎಲ್ (ಮುಕ್ತ ತಂತ್ರಾಂಶದ್ದು) ಮತ್ತು ವಾಣಿಜ್ಯ. ಹಾಗಾಗಿ ಕೋಡ್ ಕೊಡುವವರು ಕಾಪಿರೈಟ್ ನೀತಿಯೊಂದನ್ನು ಒಪ್ಪಬೇಕಾಗುತ್ತದೆ, ನಿಮ್ಮ ಕಂಪನಿಯ ವಕೀಲರಿಗೆ ಮೊದಲೇ ತೋರಿಸಿ. ಇಶ್ಯೂ ಹಾಕುವಾಗ ಆವೃತ್ತಿ, ಪಿಎಚ್‌ಪಿ, ಡೇಟಾಬೇಸ್, ದೋಷ ಮರುಕಳಿಸುವ ಹೆಜ್ಜೆಗಳು, ಸ್ಕ್ರೀನ್‌ಶಾಟ್ ಇದ್ದರೆ ಮುರುಕು ಜಪಾನೀಸ್ ಆದರೂ ಅರ್ಥವಾಗುತ್ತದೆ. ತಿದ್ದುಪಡಿ ಕಳಿಸುವುದಾದರೆ ಪೋಸ್ಟ್‌ಗ್ರೆಸ್, ಮೈಎಸ್‌ಕ್ಯೂಎಲ್ ಎರಡರಲ್ಲೂ ಓಡಿಸಿ ನೋಡಿ, ಅವರ ಪರೀಕ್ಷೆಗಳು ಎರಡನ್ನೂ ಮುಟ್ಟುತ್ತವೆ.

ಬೆಂಗಳೂರಿನಲ್ಲಿ ಕೂತು ಜಪಾನ್ ಕ್ಲೈಂಟ್ ನೋಡಿಕೊಳ್ಳುವ ತಂಡದಲ್ಲಿ ಜಪಾನೀಸ್ ಓದಬಲ್ಲವರು ಒಬ್ಬರಿದ್ದು, ತಿಂಗಳ ನಿರ್ವಹಣೆಗೆ ಕ್ಲೈಂಟ್ ಹಣ ಕೊಡುವುದಾದರೆ ಧಾರಾಳವಾಗಿ ಹಿಡಿಯಿರಿ. ‘ಒಮ್ಮೆ ಕಟ್ಟಿಕೊಡಿ, ಆಮೇಲೆ ನಾವು ನೋಡ್ಕೋತೀವಿ’ ಎನ್ನುವ ಕ್ಲೈಂಟ್‌ಗೆ ಇದನ್ನು ಕೊಡಬೇಡಿ. ಅವರಿಗೆ ಇಸಿ-ಕ್ಯೂಬ್ ಕಂಪನಿಯೇ ನಡೆಸುವ ಕ್ಲೌಡ್ ಆವೃತ್ತಿ ಸಾಕು, ಅಲ್ಲಿ ಅಪ್‌ಡೇಟ್ ಕಂಪನಿಯ ಪಾಲಿನದು. ಭಾಷೆ ಬಾರದ ಡೆವಲಪರುಗಳಿಗಾಗಿ ಲೊಕೇಲನ್ನು (ಭಾಷೆಯ ಸೆಟ್ಟಿಂಗ್) ಇಂಗ್ಲಿಷ್‌ಗೆ ಇಟ್ಟು ಲೋಕಲ್ ಪ್ರತಿಯೊಂದನ್ನು ಹಾಕಿಕೊಳ್ಳಬಹುದು, ಅಡ್ಮಿನ್ ಇಂಗ್ಲಿಷ್‌ನಲ್ಲಿ ಬರುತ್ತದೆ. ಇನ್‌ಸ್ಟಾಲ್ ಮಾಡುವ ಮೊದಲೇ ಬದಲಿಸಿ. ಪ್ರಾಂತಗಳಂಥ ಮೂಲ ಪಟ್ಟಿಗಳು ಡೇಟಾಬೇಸಿಗೆ ಇಳಿಯುವುದು ಆಗಿನ ಲೊಕೇಲ್ ನೋಡಿಯೇ, ಆಮೇಲೆ ಬದಲಿಸಿದರೆ ಅರ್ಧ ಇಂಗ್ಲಿಷ್ ಅರ್ಧ ಜಪಾನೀಸ್ ಆಗಿ ಕೂರುತ್ತದೆ.