ಸ್ಕಾಟ್ಲೆಂಡಿನ ಗ್ಯಾಲಿಕ್ ‘ಮೋಡ್’: ಹಾಡು ಕಲಿಸುತ್ತದೆ, ಮಾತು ನಿಮಗೇ ಬಿಟ್ಟದ್ದು

ಸ್ಕಾಟ್ಲೆಂಡಿನ ಗ್ಯಾಲಿಕ್ ಭಾಷೆಗಾಗಿ ಇರುವ ಆನ್ ಕೊಮನ್ ಗೇಲಖ್ ಎಂಬ ಸಂಘ ಹೇಗಿದೆ ಎಂದು ತಿಳಿಯಲು ಅದರ ಒಂದು ಕೆಲಸವನ್ನು ನೋಡಿದರೆ ಸಾಕು: ಪ್ರತಿ ಅಕ್ಟೋಬರ್‌ನಲ್ಲಿ ನಡೆಯುವ ರಾಯಲ್ ನ್ಯಾಷನಲ್ ಮೋಡ್ ಎಂಬ ಉತ್ಸವ. 1891ರಲ್ಲಿ ಸ್ಕಾಟ್ಲೆಂಡಿನ ಪಶ್ಚಿಮ ಕರಾವಳಿಯ ಓಬನ್‌ನಲ್ಲಿ ಹುಟ್ಟಿದ ಈ ಸಂಘ, ವೇಲ್ಸ್ ದೇಶದ ಐಸ್ಟೆಡ್‌ವಡ್ ಉತ್ಸವವನ್ನು ಕಂಡು ಮರುವರ್ಷವೇ ಅಲ್ಲೇ ಒಂದು ದಿನದ ಗ್ಯಾಲಿಕ್ ಸ್ಪರ್ಧೆ ನಡೆಸಿತು. ಇವತ್ತು ಅದು ಒಂದು ಶುಕ್ರವಾರ ಸಂಜೆ ಶುರುವಾಗಿ ಮುಂದಿನ ಶನಿವಾರದವರೆಗೆ ನಡೆಯುತ್ತದೆ. ನಮ್ಮ ಸಾಹಿತ್ಯ ಸಮ್ಮೇಳನದಂತೆ ವರ್ಷಕ್ಕೊಂದು ಊರು: 2021ರಲ್ಲಿ ಇನ್ವರ್ನೆಸ್, 2022ರಲ್ಲಿ ಪರ್ತ್, 2023ರಲ್ಲಿ ಪೇಸ್ಲಿ, 2024ರಲ್ಲಿ ಮತ್ತೆ ಓಬನ್, 2025ರಲ್ಲಿ ಫೋರ್ಟ್ ವಿಲಿಯಂ ಇರುವ ಲೋಖಾಬರ್ ಸೀಮೆ. ಆದರೆ ಸಮ್ಮೇಳನದ ಹಾಗೆ ಇಲ್ಲಿ ಗೋಷ್ಠಿ, ಭಾಷಣ, ನಿರ್ಣಯಗಳದ್ದು ದೊಡ್ಡ ಮಾತಲ್ಲ. ಬಹುಪಾಲು ಸ್ಪರ್ಧೆ, ಅದರಲ್ಲೂ ಬಹುಪಾಲು ಹಾಡು.

ಸ್ಕಾಟ್ಲೆಂಡಿನಲ್ಲಿರುವ ಕನ್ನಡಿಗರು ಯಾರಾದರೂ ಇದನ್ನು ನೋಡಲು ಹೋಗುವವರಿದ್ದರೆ, ಅಥವಾ ಗ್ಲಾಸ್ಗೋ, ಎಡಿನ್‌ಬರೋಗಳ ಗ್ಯಾಲಿಕ್ ಕ್ವಾಯರ್‌ನಲ್ಲಿ (ನಾಲ್ಕು ಧ್ವನಿಗಳಲ್ಲಿ ಒಟ್ಟಾಗಿ ಹಾಡುವ ತಂಡ) ಸೇರಿ ಹಾಡುವ ಯೋಚನೆ ಇದ್ದರೆ, ಈ ಬರಹ ಅವರಿಗೆ. ಕ್ವಾಯರ್‌ಗಳಲ್ಲಿ ಹುಟ್ಟಾ ಗ್ಯಾಲಿಕ್ ಬಲ್ಲವರಿಗಿಂತ ಕಲಿಯುವವರೇ ಹೆಚ್ಚಿರುವುದು ಸಾಮಾನ್ಯ. ಹಾಗಾಗಿ ಭಾಷೆ ಬಾರದು ಎಂಬುದು ಅಡ್ಡಿಯಲ್ಲ. ಅಂದಹಾಗೆ, ಐರ್ಲೆಂಡಿನ ಐರಿಷ್ ಬೇರೆ, ಸ್ಕಾಟ್ಲೆಂಡಿನ ಗ್ಯಾಲಿಕ್ ಬೇರೆ. ನೆಂಟರು ಹೌದು, ಆದರೆ ಒಂದರ ಪುಸ್ತಕ ಹಿಡಿದು ಇನ್ನೊಂದನ್ನು ಕಲಿಯಲು ಹೊರಟರೆ ದಾರಿ ತಪ್ಪುತ್ತದೆ.

ಮೊದಲು ಮೋಡ್ ಚೆನ್ನಾಗಿ ಮಾಡುವ ಕೆಲಸ. ಇಲ್ಲಿ ಹಾಡಿಗೆ ಎರಡು ಬಗೆಯ ತೀರ್ಪುಗಾರರು. ಒಬ್ಬರು ಸಂಗೀತಕ್ಕೆ, ಇನ್ನೊಬ್ಬರು ಗ್ಯಾಲಿಕ್‌ಗೆ. ಅಂಕ ಬೇರೆ ಬೇರೆ, ಕೊನೆಗೆ ಕೂಡಿಸುತ್ತಾರೆ. ನಾಲ್ಕು ಧ್ವನಿಗಳು ಎಷ್ಟೇ ಇಂಪಾಗಿ ಹೊಂದಿಕೊಂಡಿದ್ದರೂ ಉಚ್ಚಾರಣೆ ಸಡಿಲವಾದರೆ ಬಹುಮಾನದ ಶೀಲ್ಡ್ ಕೈತಪ್ಪುತ್ತದೆ. ಈ ಒಂದು ನಿಯಮ ಇಡೀ ಸ್ಕಾಟ್ಲೆಂಡಿನ ಕ್ವಾಯರ್‌ಗಳಿಗೆ ಗ್ಯಾಲಿಕ್ ಪಾಠ ಹೇಳುವವರೊಬ್ಬರನ್ನು ಕಡ್ಡಾಯದಂತೆ ಮಾಡಿಬಿಟ್ಟಿದೆ. ಅವರು ಸಾಹಿತ್ಯವನ್ನು ರಾಗವಿಲ್ಲದೆ ನಿಧಾನವಾಗಿ ಓದಿ ರೆಕಾರ್ಡ್ ಮಾಡಿ ಕೊಡುತ್ತಾರೆ. ಹಾಡುವವರು ತಿಂಗಳುಗಟ್ಟಲೆ ಅದನ್ನೇ ಕೇಳಿ, ವೇದಿಕೆಯ ಮೇಲೆ ಕಾಗದ ಹಿಡಿಯದೆ ಹಾಡುತ್ತಾರೆ. ಸಂಘದ ಅತಿ ದೊಡ್ಡ ಸಾಧನೆ ಯಾವುದು ಎಂದರೆ ಚಿನ್ನದ ಪದಕಗಳಲ್ಲ, ಈ ಎರಡು ಅಂಕಪಟ್ಟಿಗಳು ಎನ್ನಬೇಕು.

ಕ್ವಾಯರ್ ಸೇರಿದ ಮೊದಲ ವಾರ ಕೈಗೆ ಬರುವ ಹಾಳೆ ನೋಡಿ ಗಾಬರಿಯಾಗಬಾರದು. ಐದು ಗೆರೆಯ ಸ್ಟಾಫ್ ನೊಟೇಶನ್ ಬದಲು ಅಥವಾ ಅದರ ಜೊತೆಗೆ, ಗ್ಯಾಲಿಕ್ ಲೋಕದಲ್ಲಿ ಇನ್ನೂ ಟಾನಿಕ್ ಸೋಲ್‌ಫಾ ಬಳಕೆಯಲ್ಲಿದೆ: ಡೋ, ರೇ, ಮಿ, ಫಾ, ಸೋ, ಲಾ, ಟೀ ಎಂಬುದರ ಮೊದಲಕ್ಷರಗಳು ಸಾಲಾಗಿ. ಕರ್ನಾಟಕ ಸಂಗೀತ ಕಲಿತವರಿಗೆ ಇದು ಅರ್ಧ ವರ, ಅರ್ಧ ಬಲೆ. ವರ ಏಕೆಂದರೆ ಇಲ್ಲೂ ಆಧಾರಸ್ವರ ಜರುಗುತ್ತದೆ. ಶ್ರುತಿ ಯಾವುದೆಂದು ಹಾಳೆಯ ನೆತ್ತಿಯ ಮೇಲೆ ಬರೆದಿರುತ್ತದೆ, ಅದೇ ಡೋ, ಅದೇ ನಮ್ಮ ಷಡ್ಜ. ಬಲೆ ಎಲ್ಲಿ? ‘ಮಿ’ಯ ಅಕ್ಷರ ಕಂಡೊಡನೆ ಬಾಯಿ ಮಧ್ಯಮಕ್ಕೆ ಹೋಗುತ್ತದೆ, ಅದು ನಿಜಕ್ಕೂ ಗಾಂಧಾರ. ‘ಸೋ’ನ ಅಕ್ಷರ ಷಡ್ಜದಂತೆ ಕಾಣುತ್ತದೆ, ಅದು ಪಂಚಮ. ತಾಳದ ಗುರುತಂತೂ ಇನ್ನೂ ತಲೆಕೆಳಗು. ನಮ್ಮಲ್ಲಿ ಸ್ವರದ ಮುಂದೆ ಅಲ್ಪವಿರಾಮ ಹಾಕಿದರೆ ಅದನ್ನು ಒಂದಕ್ಷರ ಎಳೆಯಬೇಕು. ಸೋಲ್‌ಫಾದಲ್ಲಿ ಅದೇ ಗುರುತು ಬೀಟನ್ನು ಕಾಲು ಭಾಗಕ್ಕೆ ಕತ್ತರಿಸುತ್ತದೆ. ಎಳೆಯಬೇಕಾದ ಕಡೆ ಅಡ್ಡಗೀಟು ಇರುತ್ತದೆ. ಎರಡು ಚುಕ್ಕೆ ಬೀಟುಗಳನ್ನು ಬೇರ್ಪಡಿಸುತ್ತದೆ, ಒಂದು ಚುಕ್ಕೆ ಬೀಟನ್ನು ಅರ್ಧಕ್ಕೆ ಸೀಳುತ್ತದೆ, ಖಾಲಿ ಜಾಗ ಎಂದರೆ ಮೌನ. ತಾರಸ್ಥಾಯಿಗೆ ಅಕ್ಷರದ ಮೇಲ್ಗಡೆ ಸಣ್ಣ ಗೀಟು, ಮಂದ್ರಕ್ಕೆ ಕೆಳಗಡೆ.

ಮತ್ತೊಂದು ತೊಡಕು: ಗ್ಯಾಲಿಕ್ ಹಾಡುಗಳಲ್ಲಿ ಎಷ್ಟೋ ರಾಗಗಳು ಡೋ ಮೇಲೆ ನಿಲ್ಲುವುದಿಲ್ಲ, ಲಾ ಮೇಲೋ ರೇ ಮೇಲೋ ಬಂದು ನೆಲೆಸುತ್ತವೆ. ಗ್ರಹಭೇದ (ಅದೇ ಸ್ವರಗಳಿಗೆ ಆಧಾರಸ್ವರ ಬದಲಿಸುವುದು) ಗೊತ್ತಿದ್ದವರಿಗೆ ಇದನ್ನು ವಿವರಿಸಬೇಕಿಲ್ಲ. ಹಾಳೆಯಲ್ಲಿ ಬರೆದ ಡೋವನ್ನು ಶ್ರುತಿಯಾಗಿ ಹಿಡಿದು ಕೂತರೆ ಮಾತ್ರ ಹಾಡು ಎಲ್ಲೂ ಮುಗಿಯದಂತೆ ಅನ್ನಿಸುತ್ತದೆ. ಐದೇ ಸ್ವರದ ರಾಗಗಳೂ ಬೇಕಾದಷ್ಟಿವೆ. ಡೋ ರೇ ಮಿ ಸೋ ಲಾ ಎಂದರೆ ಮೋಹನದ ಸ್ವರಗಳೇ. ಹಾಗೆಂದು ಗಮಕ ಹಾಕಲು ಹೋಗಬೇಡಿ. ಕ್ವಾಯರ್‌ನಲ್ಲಿ ಒಬ್ಬರು ಸ್ವರ ಅಲುಗಿಸಿದರೂ ನಾಲ್ಕು ಧ್ವನಿಗಳ ಹೊಂದಾಣಿಕೆ ಕದಡುತ್ತದೆ, ಸಂಗೀತದ ತೀರ್ಪುಗಾರರು ಅದನ್ನು ಹಿಡಿಯದೆ ಬಿಡುವುದಿಲ್ಲ.

ಉಚ್ಚಾರಣೆಗೆ ಬಂದರೆ ಕನ್ನಡದ ನಾಲಿಗೆಗೆ ಇಂಗ್ಲಿಷ್ ನಾಲಿಗೆಗಿಲ್ಲದ ಅನುಕೂಲಗಳಿವೆ. ಗ್ಯಾಲಿಕ್‌ನಲ್ಲಿ ಬರಹಕ್ಕೆ ‘ಗ’ ಎಂದಿರುವುದು ಪದದ ಮೊದಲಲ್ಲಿ ಹೆಚ್ಚುಕಡಿಮೆ ನಮ್ಮ ‘ಕ’. ಬರಹಕ್ಕೆ ‘ಕ’ ಎಂದಿರುವುದು ನಮ್ಮ ‘ಖ’. ಅಲ್ಪಪ್ರಾಣ, ಮಹಾಪ್ರಾಣ ಎಂಬ ಭೇದವೇ ಅಲ್ಲಿ ಕೆಲಸ ಮಾಡುತ್ತದೆ. (ದಿನಬಳಕೆಯಲ್ಲಿ ಮಹಾಪ್ರಾಣ ನುಂಗುವ ನಾವು ಇಲ್ಲಿ ಸ್ವಲ್ಪ ಎಚ್ಚರದಿಂದಿರಬೇಕು ಅಷ್ಟೆ.) ಅ, ಒ, ಉಕಾರಗಳ ಪಕ್ಕದ ತಕಾರ ನಮ್ಮ ಹಾಗೆ ಹಲ್ಲಿಗೆ ತಾಗಿ ಬರುತ್ತದೆ. ಇ, ಎಕಾರಗಳ ಪಕ್ಕದಲ್ಲಿ ಅದೇ ತಕಾರ ಚಕಾರದ ಕಡೆ ವಾಲುತ್ತದೆ, ಸಕಾರ ಶಕಾರವಾಗುತ್ತದೆ. ಇಷ್ಟು ನಿಯಮ ಹಿಡಿದರೆ ಅರ್ಧ ಕಾಗುಣಿತ ಬಗೆಹರಿಯಿತು.

ಕೆಡುವ ಜಾಗಗಳೂ ನಿರ್ದಿಷ್ಟ. ಪ್ರೇಮಗೀತೆಗಳಲ್ಲಿ ‘ಒಲವು’ ಎಂಬುದಕ್ಕಿರುವ ಪದ ಸಾಲುಸಾಲಿಗೂ ಬರುತ್ತದೆ, ಅದರ ಸ್ವರ ಕನ್ನಡದಲ್ಲೂ ಇಲ್ಲ, ಇಂಗ್ಲಿಷ್‌ನಲ್ಲೂ ಇಲ್ಲ. ‘ಊ’ ಎನ್ನಿ, ನಾಲಿಗೆಯನ್ನು ಅಲ್ಲೇ ನಿಲ್ಲಿಸಿ, ತುಟಿಗಳನ್ನು ಮಾತ್ರ ‘ಈ’ ಎನ್ನುವಾಗಿನಂತೆ ಅಗಲಿಸಿ. ಕನ್ನಡಿ ಎದುರು ಅಭ್ಯಾಸ ಮಾಡಿದರೆ ಬೇಗ ಹಿಡಿತಕ್ಕೆ ಬರುತ್ತದೆ. ಮ್ಯಾಕ್‌ಡೊನಾಲ್ಡ್ ಎಂಬ ಹೆಸರಿನ ‘ಮ್ಯಾಕ್’, ಅಂದರೆ ಮಗ, ಗ್ಯಾಲಿಕ್ ಬಾಯಲ್ಲಿ ‘ಮಹ್ಕ್’ಗೆ ಹತ್ತಿರ: ಕಕಾರಕ್ಕೆ ಮುಂಚೆ ಗಂಟಲಿನಿಂದ ಒಂದು ಉಸಿರು. ಇದನ್ನು ಬಿಟ್ಟರೆ ಪದ ಅರ್ಥವಾಗುತ್ತದೆ, ಅಂಕ ಹೋಗುತ್ತದೆ. ಸ್ಕಾಟ್ಲೆಂಡಿಗೆ ಗ್ಯಾಲಿಕ್ ಹೆಸರು ಬರಹದಲ್ಲಿ ‘ಅಲ್ಬ’, ಉಚ್ಚಾರದಲ್ಲಿ ‘ಅಲಪ’. ನಡುವೆ ನುಸುಳುವ ಈ ಸ್ವರವನ್ನು ಅಲ್ಲಿನ ಭಾಷಾವಿಜ್ಞಾನಿಗಳು ಸಂಸ್ಕೃತದ ‘ಸ್ವರಭಕ್ತಿ’ ಎಂಬ ಹೆಸರಿನಿಂದಲೇ ಕರೆಯುತ್ತಾರೆ. ಹಾಡಿನಲ್ಲಿ ಅದಕ್ಕೆ ಬೇರೆ ಸ್ವರಸ್ಥಾನ ಕೊಡದೆ ಒಂದೇ ನೋಟಿನೊಳಗೆ ಹೇಳಿ ಮುಗಿಸುವುದು ವಾಡಿಕೆ. ಇನ್ನು ನಮ್ಮ ‘ಳ’ವನ್ನು ಅಲ್ಲಿನ ದಪ್ಪ ಲಕಾರಕ್ಕೆ ಬಳಸುವ ಆಸೆ ಹುಟ್ಟುತ್ತದೆ. ಬೇಡ. ಅದು ನಾಲಿಗೆ ಮಡಚಿ ಹೇಳುವ ಸದ್ದಲ್ಲ, ಹಲ್ಲಿಗೆ ಒತ್ತಿ ಹಿಂಬದಿ ಎತ್ತಿ ಹೇಳುವಂಥದ್ದು.

ಪೋರ್ಸ್ಟ್-ಅ-ಬ್ಯೇಲ್, ಅಂದರೆ ವಾದ್ಯವಿಲ್ಲದಾಗ ಕುಣಿತಕ್ಕೆ ಬಾಯಲ್ಲೇ ಹೇಳುವ ಹಾಡು, ಮೋಡ್‌ನಲ್ಲಿ ಕೇಳಲು ಬಲು ಸೊಗಸು. ಕಲಿಯುವವರು ಇಲ್ಲಿ ಬೀಳುವುದು ವೇಗಕ್ಕೆ ಮರುಳಾಗಿ. ಕುಣಿಯುವವರ ಕಾಲಿಗೆ ಎಟುಕದಷ್ಟು ಬೇಗ ಬೇಗ ಹೇಳಿದರೆ ವ್ಯಂಜನಗಳು ಕರಗಿ, ಲಯದ ಪೆಟ್ಟು ಮಾಯವಾಗಿ, ಸಾಲು ಬರಿ ಗದ್ದಲವಾಗುತ್ತದೆ. ಉಸಿರು ಎಲ್ಲಿ ತೆಗೆದುಕೊಳ್ಳಬೇಕೆಂದು ಸಾಲುಗಳನ್ನು ಗುಂಪುಗಳ ನಡುವೆ ಹಂಚಿಕೊಂಡ ಕ್ವಾಯರ್‌ಗಳು ಮಾತ್ರ ಕೊನೆಯವರೆಗೆ ನಿಲ್ಲುತ್ತವೆ.

ಒಂಟಿ ಹಾಡುಗಾರಿಕೆಯ ಬಗ್ಗೆ ಒಂದು ಹಳೆಯ ತಕರಾರಿದೆ, ಅದರಲ್ಲಿ ಹುರುಳೂ ಇದೆ. ಚಿನ್ನದ ಪದಕದ ಸ್ಪರ್ಧೆ ಬಹುಕಾಲ ಕಛೇರಿ ವೇದಿಕೆಗೆ ತಿದ್ದಿತೀಡಿದ ಕಂಠವನ್ನು ಮೆಚ್ಚುತ್ತ ಬಂತು. ದ್ವೀಪಗಳ ಅಡುಗೆಮನೆಯಲ್ಲಿ ಮಾತಿನ ಲಯಕ್ಕೇ ಹಾಡುತ್ತಿದ್ದ ಹಳೆಯ ಶೈಲಿಗೆ ಅದು ಹೊಂದುತ್ತಿರಲಿಲ್ಲ. ಈಗ ಆ ಹಳೆಯ ಶೈಲಿಗೂ ಪ್ರತ್ಯೇಕ ಪದಕವಿದೆ. ಇತ್ತೀಚಿನ ವರ್ಷಗಳಲ್ಲಿ ಸಾಂಪ್ರದಾಯಿಕ ಪದಕದ ಅಂತಿಮ ಸುತ್ತು ವಾರದ ಆರಂಭದಲ್ಲಿ, ಚಿನ್ನದ ಪದಕದ್ದು ಬುಧವಾರ. ಎರಡನ್ನೂ ಕೇಳುವ ಸಮಯವಿಲ್ಲದಿದ್ದರೆ ಸಾಂಪ್ರದಾಯಿಕವನ್ನು ಆರಿಸಿಕೊಳ್ಳಿ. ಬ್ಯಾಗ್‌ಪೈಪು, ಪಿಟೀಲು, ಕ್ಲಾರ್ಸಾಖ್ ಎಂಬ ಹಾರ್ಪ್ ವಾದ್ಯ, ಮಕ್ಕಳ ಕವಿತಾ ವಾಚನ, ನಾಟಕಗಳ ಸ್ಪರ್ಧೆಗಳೂ ಇವೆ. ಷಿಂಟಿ ಎಂಬ ಹಾಕಿಯಂಥ ಆಟದ ಪಂದ್ಯಕ್ಕೂ ಮೋಡ್ ಹೆಸರಿನ ಕಪ್ ಇದೆ.

ಈಗ ಕೊರತೆ. ಸಂಘ ಹುಟ್ಟಿದ 1891ರ ಜನಗಣತಿಯಲ್ಲಿ ಗ್ಯಾಲಿಕ್ ಆಡುವವರು 2,54,415 ಮಂದಿ. 2011ಕ್ಕೆ ಅದು 57 ಸಾವಿರದ ಆಸುಪಾಸಿಗೆ ಬಂತು. 2022ರಲ್ಲಿ 69,701ಕ್ಕೆ ಏರಿತು, ಸರಿ. ಆದರೆ ಭಾಷೆಯ ತವರಾದ ಪಶ್ಚಿಮ ದ್ವೀಪಗಳಲ್ಲಿ ಗ್ಯಾಲಿಕ್ ಅಲ್ಪಸ್ವಲ್ಪವಾದರೂ ಬಲ್ಲವರ ಪಾಲು ಅದೇ ಅವಧಿಯಲ್ಲಿ ಶೇ. 61ರಿಂದ 57ಕ್ಕೆ ಇಳಿಯಿತು. ಪಟ್ಟಣದಲ್ಲಿ ಕಲಿಯುವವರು ಹೆಚ್ಚುತ್ತಿದ್ದಾರೆ, ಊರಿನಲ್ಲಿ ಆಡುವವರು ಕಡಿಮೆಯಾಗುತ್ತಿದ್ದಾರೆ. ಇದಕ್ಕೆ ಒಂದು ಸಂಘವನ್ನೇ ಹೊಣೆ ಮಾಡುವುದು ಅನ್ಯಾಯ. 1918ರ ಶಿಕ್ಷಣ ಕಾಯ್ದೆಯಲ್ಲಿ ಗ್ಯಾಲಿಕ್ ಸೀಮೆಗಳಲ್ಲಿ ಆ ಭಾಷೆಯ ಬೋಧನೆಗೆ ಅವಕಾಶ ಸೇರಿದ್ದರ ಹಿಂದೆ ಈ ಸಂಘದ ಒತ್ತಾಯವೂ ಇತ್ತು. ಆದರೆ ಮುಂದಿನ ದೊಡ್ಡ ಹೆಜ್ಜೆಗಳು ಬೇರೆಯವರದು: 1973ರಲ್ಲಿ ಸ್ಕೈ ದ್ವೀಪದಲ್ಲಿ ಶುರುವಾದ ಸವಲ್ ಮೋರ್ ಓಸ್ತಿಗ್ ಕಾಲೇಜು, 1985ರಲ್ಲಿ ಗ್ಲಾಸ್ಗೋ ಮತ್ತು ಇನ್ವರ್ನೆಸ್‌ಗಳಲ್ಲಿ ಆರಂಭವಾದ ಗ್ಯಾಲಿಕ್ ಮಾಧ್ಯಮದ ಪ್ರಾಥಮಿಕ ತರಗತಿಗಳು, 2005ರ ಭಾಷಾ ಕಾಯ್ದೆ, 2008ರ ಬಿಬಿಸಿ ಅಲ್ಬ ಟಿವಿ ವಾಹಿನಿ.

ಸಂಘದ ಮಿತಿ ಮೋಡ್ ಸಭಾಂಗಣದ ಹೊರಗೆ ಎದ್ದು ಕಾಣುತ್ತದೆ. ವೇದಿಕೆಯ ಮೇಲೆ ಒಂದು ಅಕ್ಷರ ತಪ್ಪದೆ ಹಾಡಿದವರು ಕಾರಿಡಾರ್‌ಗೆ ಬಂದು ಇಂಗ್ಲಿಷ್‌ನಲ್ಲಿ ಚಹಾ ಕೇಳುತ್ತಾರೆ. ಅಂಕಪಟ್ಟಿಯಲ್ಲಿ ಉಚ್ಚಾರಣೆಗೆ ಜಾಗವಿದೆ, ಹಾಡಿನ ಅರ್ಥವನ್ನು ಸ್ವಂತ ಮಾತಿನಲ್ಲಿ ಹೇಳಬಲ್ಲಿರಾ ಎಂಬುದಕ್ಕಿಲ್ಲ. ಕಲಿಯುವವರಿಗೆ ಸಂಭಾಷಣೆಯ ಸ್ಪರ್ಧೆಗಳಿವೆ, ಅವುಗಳಿಗೆ ಹಾಡಿನಷ್ಟು ಕಳೆಯಿಲ್ಲ. ಹಾಗಾಗಿ ಕ್ವಾಯರ್ ಸೇರಿದರೆ ಗ್ಯಾಲಿಕ್ ತಾನಾಗಿ ಬರುತ್ತದೆ ಎಂದು ಎಣಿಸಬೇಡಿ. ಜೊತೆಗೇ ಮಾತಿನ ಪಾಠ ಬೇಕು. ಡ್ಯುಯೊಲಿಂಗೊ ಎಂಬ ಭಾಷೆ ಕಲಿಸುವ ಆ್ಯಪ್‌ನಲ್ಲಿ 2019ರಿಂದ ಗ್ಯಾಲಿಕ್ ಇದೆ, ಪದಗಳ ಪರಿಚಯಕ್ಕೆ ಸಾಕು. ಬಿಬಿಸಿ ಕೈಜೋಡಿಸಿದ ಸ್ಪೀಕ್‌ಗ್ಯಾಲಿಕ್ ಎಂಬ ಪಾಠಮಾಲೆ ಅದಕ್ಕಿಂತ ವ್ಯವಸ್ಥಿತ. ಗಂಭೀರವಾಗಿ ಕಲಿಯುವವರಿಗೆ ಸ್ಕೈ ಕಾಲೇಜಿನ ದೂರಶಿಕ್ಷಣ, ಇಲ್ಲವೇ ಬೇಸಿಗೆಯ ವಾರದ ಕೋರ್ಸು.

ಹೋಗುವವರಿಗೆ ಕೆಲವು ಮಾತು. ಮೋಡ್ ಒಂದೇ ಕಟ್ಟಡದಲ್ಲಿ ನಡೆಯುವುದಿಲ್ಲ. ಚರ್ಚು, ಶಾಲೆ, ಹೋಟೆಲು, ಟೌನ್‌ಹಾಲ್‌ಗಳಲ್ಲಿ ಏಕಕಾಲಕ್ಕೆ ಸ್ಪರ್ಧೆಗಳು ನಡೆಯುತ್ತವೆ. ಕಾರ್ಯಕ್ರಮ ಪುಸ್ತಕ ಕೊಂಡು, ಬೇಕಾದ ಸ್ಪರ್ಧೆಗಳಿಗೆ ಗುರುತು ಹಾಕಿ, ಒಂದರಿಂದ ಇನ್ನೊಂದಕ್ಕೆ ನಡೆಯುವ ಹೊತ್ತನ್ನೂ ಲೆಕ್ಕಕ್ಕೆ ಹಿಡಿಯಿರಿ. ಹಾಡು ನಡೆಯುತ್ತಿರುವಾಗ ಬಾಗಿಲು ತೆರೆಯುವುದಿಲ್ಲ. ತೀರ್ಪುಗಾರರು ಕೊನೆಯಲ್ಲಿ ಆಡುವ ಮಾತನ್ನು ಕೇಳದೆ ಎದ್ದು ಬರಬೇಡಿ, ಎಲ್ಲಿ ಅಂಕ ಹೋಯಿತೆಂದು ತಿಳಿಯುವುದು ಅಲ್ಲೇ. ಓಬನ್, ಫೋರ್ಟ್ ವಿಲಿಯಂನಂಥ ಸಣ್ಣ ಊರಾದರೆ ಕೋಣೆಗಳು ತಿಂಗಳುಗಳ ಮೊದಲೇ ತುಂಬಿಹೋಗುತ್ತವೆ. ಗ್ಲಾಸ್ಗೋದಿಂದ ಓಬನ್‌ಗೆ ರೈಲಿನಲ್ಲಿ ಮೂರು ಗಂಟೆಗೂ ಮಿಕ್ಕಿ ಹಿಡಿಯುವುದರಿಂದ ಒಂದೇ ದಿನದಲ್ಲಿ ಹೋಗಿಬರುವುದು ಸುಸ್ತು. ಪೇಸ್ಲಿ, ಪರ್ತ್‌ನಂಥ ಕಡೆ ಆ ಕಷ್ಟವಿಲ್ಲ. ಅಕ್ಟೋಬರ್‌ನ ಪಶ್ಚಿಮ ಕರಾವಳಿ ಎಂದರೆ ಗಾಳಿಮಳೆ; ಕೊಡೆ ನಿಲ್ಲುವುದಿಲ್ಲ, ರೈನ್‌ಕೋಟೇ ಸರಿ. ಹೋಗಲಾಗದವರಿಗೆ ಬಿಬಿಸಿ ಅಲ್ಬದಲ್ಲಿ ಪ್ರಸಾರವಿದೆ.

ಒಂದೇ ದಿನ ಬಿಡುವಿದ್ದರೆ ಗುರುವಾರ ಹೋಗಿ. ಅಂದು ಹಳ್ಳಿ ಕ್ವಾಯರ್‌ಗಳು ಲಾರ್ನ್ ಶೀಲ್ಡ್‌ಗಾಗಿ ಹಾಡುತ್ತವೆ. ಶುಕ್ರವಾರ ಲವಾಟ್ ಅಂಡ್ ಟಲಿಬಾರ್ಡೀನ್ ಶೀಲ್ಡ್‌ಗೆ ನಿಲ್ಲುವ ದೊಡ್ಡ ಕ್ವಾಯರ್‌ಗಳಷ್ಟು ನಯ ಇವರಲ್ಲಿಲ್ಲ, ಆದರೆ ಗ್ಯಾಲಿಕ್ ಮನೆಮಾತಾಗಿರುವವರ ದನಿ ಸಿಗುವ ಸಂಭವ ಇಲ್ಲೇ ಹೆಚ್ಚು. ಶನಿವಾರಕ್ಕೂ ಉಳಿಯುವುದಾದರೆ, ಎಲ್ಲ ಕ್ವಾಯರ್‌ಗಳೂ ಒಟ್ಟಾಗಿ ಊರ ಬೀದಿಯಲ್ಲಿ ಹಾಡುತ್ತವೆ. ಅದಕ್ಕೆ ಟಿಕೆಟ್ ಬೇಕಿಲ್ಲ.