ಬ್ರೇಕ್ ಡ್ರಮ್ ಹೊಸದು ಅಂತ ಬಿಲ್, ಚಕ್ರ ಬಿಚ್ಚಿದರೆ ಹಳೆಯದೇ

ಆಗಸ್ಟ್ ಮಳೆಯಲ್ಲಿ ನಮ್ಮ ಆಲ್ಟೊ ಹಿಂದಿನ ಚಕ್ರದಿಂದ ಕರಕರ ಸದ್ದು ಶುರುವಾಯಿತು. ನಾನು ಸುಂಟಿಕೊಪ್ಪದಿಂದ ಮಡಿಕೇರಿಯ ಶಾಲೆಗೆ ದಿನಾ ಓಡಾಡುವವಳು. ಬೋಯಿಕೇರಿ ಕಡೆಯ ತಿರುವು, ಇಳಿಜಾರು ನಿಮಗೆ ಗೊತ್ತಲ್ವಾ? ಅಲ್ಲಿ ಬ್ರೇಕ್ ನಂಬಿಯೇ ಗಾಡಿ ಓಡಿಸಬೇಕು. ಶನಿವಾರ ಕುಶಾಲನಗರದ ಒಂದು ಗ್ಯಾರೇಜಿಗೆ ಬಿಟ್ಟೆ.

ಬ್ರೇಕ್ ಶೂ ಸವೆದಿದೆ, 1,800 ಆಗುತ್ತದೆ ಎಂದು ಫೋನಿನಲ್ಲಿ ಹೇಳಿದರು. ಸಂಜೆ ಹೋದರೆ ಬಿಲ್ 6,450. ಶೂ, ಎರಡು ಡ್ರಮ್ (ಚಕ್ರದ ಜೊತೆ ತಿರುಗುವ ಬಟ್ಟಲು, ಶೂ ಒಳಗಿನಿಂದ ಒತ್ತುವುದು ಇದನ್ನೇ), ಎರಡು ವೀಲ್ ಸಿಲಿಂಡರ್ (ಶೂವನ್ನು ತಳ್ಳುವ ಭಾಗ), ಮೇಲೆ ಲೇಬರ್. ಇಷ್ಟೆಲ್ಲಾ ಹಾಕುವ ಮುಂಚೆ ಒಂದು ಮಾತು ಕೇಳಲಿಲ್ಲ. ತೆಗೆದ ಸಾಮಾನು ಕೊಡಿ ಎಂದೆ. "ಗುಜರಿಗೆ ಹೋಯ್ತು ಮೇಡಂ" ಎಂದರು. ಕತ್ತಲಾಗುತ್ತಿತ್ತು. ಆನೆಕಾಡು ದಾಟಿ ಮನೆ ಸೇರಬೇಕಿತ್ತು. ದುಡ್ಡು ಕೊಟ್ಟು ಬಂದೆ.

ಮೂರೇ ದಿನಕ್ಕೆ ಮತ್ತೆ ಅದೇ ಸದ್ದು. ಸುಂಟಿಕೊಪ್ಪದಲ್ಲಿ ಜೀಪ್ ರಿಪೇರಿ ಮಾಡುವ ಅಣ್ಣ ಒಬ್ಬರು ನನ್ನ ಎದುರಿಗೇ ಚಕ್ರ ಬಿಚ್ಚಿದರು. ಶೂ ಹೊಸದು, ನಿಜ. ಡ್ರಮ್ ಹಳೆಯದೇ, ಒಳಗೆಲ್ಲಾ ಆಳವಾದ ಗೆರೆ. ಸಿಲಿಂಡರ್ ಮೇಲೆ ತುಕ್ಕು ಹಾಗೇ ಕೂತಿತ್ತು. "ಟೀಚರ್, ಈ ಡ್ರಮ್ಮಿಗೆ ಎಷ್ಟು ಶೂ ಹಾಕಿದ್ರೂ ಅಷ್ಟೇ" ಎಂದರು. ಫೋಟೊ ತೆಗೆದುಕೊಂಡೆ.

ಬಿಲ್, ಫೋಟೊ ಹಿಡಿದು ಗ್ಯಾರೇಜಿಗೆ ಹೋದೆ. ಬಿಲ್ ಬರೆಯುವಾಗ ಹುಡುಗನ ಕೈತಪ್ಪಿದೆ ಎಂದರು. ಡ್ರಮ್, ಸಿಲಿಂಡರಿನ 3,700 ರೂಪಾಯಿ ಹೇಗೆ ಕೈತಪ್ಪುತ್ತದೆ? ಕೇಳಿದ್ದಕ್ಕೆ ಜೋರು ಮಾಡಿದರು. ಅಲ್ಲೇ ನಿಂತು 1915ಕ್ಕೆ ಫೋನ್ ಮಾಡಿದೆ. ಅದು ಗ್ರಾಹಕರ ಸಹಾಯವಾಣಿ, ಕನ್ನಡದಲ್ಲೇ ಮಾತಾಡಬಹುದು. ದೂರು ಬರೆದುಕೊಂಡು ನಂಬರ್ ಕೊಟ್ಟರು. ಇದಕ್ಕೂ ಬಗ್ಗದಿದ್ದರೆ ಮಡಿಕೇರಿಯಲ್ಲೇ ಜಿಲ್ಲಾ ಗ್ರಾಹಕ ಆಯೋಗ ಇದೆ, 5 ಲಕ್ಷದೊಳಗಿನ ದೂರಿಗೆ ಫೀಸ್ ಇಲ್ಲ, 2 ವರ್ಷದೊಳಗೆ ಕೊಟ್ಟರೆ ಸಾಕು ಎಂದು ಮಾಲೀಕರಿಗೂ ಹೇಳಿ ಬಂದೆ. ಹನ್ನೊಂದನೇ ದಿನ ಡ್ರಮ್, ಸಿಲಿಂಡರ್ ದುಡ್ಡು ವಾಪಸ್ ಬಂತು. ಲೇಬರ್ ದುಡ್ಡು ಬರಲಿಲ್ಲ.

ಸೀಟ್ ಕವರಿನಲ್ಲಿ ಜಾಸ್ತಿ ತೆಗೆದುಕೊಂಡಿದ್ದರೆ ಬೇಜಾರು ಮಾಡಿಕೊಂಡು ಸುಮ್ಮನಾಗುತ್ತಿದ್ದೆ. ಇದು ಬ್ರೇಕ್. ಮಳೆಯಲ್ಲಿ ಪಕ್ಕದ ಸೀಟಿನಲ್ಲಿ ನನ್ನ ಮಗಳು ಕೂತಿರುತ್ತಾಳೆ. ಹೊಸ ಡ್ರಮ್ ಎಂದು ನಂಬಿ ಇಳಿಜಾರಿಗೆ ಇಳಿದೆನಲ್ಲ, ಅದನ್ನು ನೆನೆದರೆ ಈಗಲೂ ಸಿಟ್ಟು ಬರುತ್ತದೆ. ಒಂದೇ ಸ್ಟಾರ್ ಕೊಡುತ್ತೇನೆ. ಅಲ್ಲಿಗೆ ಹೋಗಲೇಬೇಕಾದರೆ ಗಾಡಿ ಬಿಟ್ಟು ಬರಬೇಡಿ, ಪಕ್ಕದಲ್ಲೇ ನಿಲ್ಲಿ. ರೇಟ್ ಬರೆಸಿಕೊಳ್ಳಿ. ಹಳೇ ಸಾಮಾನು ಬೇಕು ಎಂದು ಮೊದಲೇ ಹೇಳಿ.

ಡ್ರಮ್ ಕೊನೆಗೆ ಸುಂಟಿಕೊಪ್ಪದ ಅಣ್ಣನೇ ಹಾಕಿಕೊಟ್ಟರು. ಹಳೆಯದೆರಡನ್ನೂ ಪೇಪರಿನಲ್ಲಿ ಸುತ್ತಿ, ನಾನು ಕೇಳುವ ಮುಂಚೆಯೇ ಡಿಕ್ಕಿಯಲ್ಲಿಟ್ಟಿದ್ದರು.